ವೀಳ್ಯದೆಲೆಯ ಘಾಟಿನೊಳಗೇನಿದೆ? ಸುಗಂಧದ ಎಲೆಯೊಂದರ ರೋಗಾಣು ನಿರೋಧಕ ಗುಣಗಳ ಪರಿಚಯ

ಕೊಪ್ಪ (ಪಿರಿಯಾಪಟ್ಟಣ): ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯು ಕಾವೇರಿ ಸೇತುವೆಯನ್ನು ದಾಟಿ ಕುಶಾಲನಗರವನ್ನು ಸೇರುವ ಮುನ್ನ ಮೈಸೂರು ಜಿಲ್ಲೆಯಲ್ಲಿ ಕೊನೆಯದಾಗಿ ಸಿಗುವ ಊರು ಕೊಪ್ಪ. ಬೈಲುಕುಪ್ಪೆಯ ಟಿಬೆಟನ್ನರ ಸ್ವರ್ಣಮಂದಿರಕ್ಕೆ ಹೋಗುವವರು ಇಲ್ಲಿಯೇ ತಿರುಗಬೇಕು. ಹೊಳೆಯ ಆಚೆಗೆ ಮರಮರಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿರುವ ಕೊಡಗು. ಈಚೆಗೆ ಹೊಗೆಸೊಪ್ಪನ್ನೇ ನಂಬಿ ಬದುಕುವ ಪಿರಿಯಾಪಟ್ಟಣ, ಹುಣಸೂರು ಮತ್ತು ಹೆಗ್ಗಡದೇವನಕೋಟೆ ಸೀಮೆ. ಈ ಎರಡು ಬೆಳೆಗಳೊಡನೆಯೂ ನಂಟುಳ್ಳ ಮೂರನೆಯ ಸಸ್ಯವೊಂದಿದೆ. ಅದು ವೀಳ್ಯದೆಲೆಯ ಬಳ್ಳಿ. ಕರಿಮೆಣಸು ಅದಕ್ಕೆ ಒಡಹುಟ್ಟು. ಹೊಗೆಸೊಪ್ಪು ಸಹವಾಸದಿಂದ ಬಂದ ನಂಟು. ಒಡಹುಟ್ಟಿನಿಂದ ಬಂದದ್ದು ಗುಣ, ಸಹವಾಸದಿಂದ ಬಂದದ್ದು ಅಪಕೀರ್ತಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ವೀಳ್ಯದೆಲೆ ಜೀರ್ಣಕಾರಿ, ಬಾಯಿಯ ದುರ್ಗಂಧ ನಿವಾರಕ, ಹಲ್ಲಿಗೆ ಹಿತಕರ, ಕಫಹರ ಎಂಬ ಮಾತುಗಳನ್ನು ನಮ್ಮ ಹಿರಿಯರ ಬಾಯಿಯಲ್ಲಿ ಕೇಳುತ್ತಲೇ ಬಂದಿದ್ದೇವೆ. ಇತ್ತೀಚಿನ ವರ್ಷಗಳಲ್ಲಿ ಇದೇ ಮಾತುಗಳು 'ಆಂಟಿಬ್ಯಾಕ್ಟೀರಿಯಲ್', 'ಆಂಟಿಆಕ್ಸಿಡೆಂಟ್' ಎಂಬ ಹೊಸ ಉಡುಗೆಯನ್ನು ತೊಟ್ಟು ಮೊಬೈಲ್ ಸಂದೇಶಗಳಲ್ಲಿ ಸುತ್ತಾಡುತ್ತಿವೆ. ಎಲೆ ಅಡಿಕೆ ಹಾಕುವವರಿಗಂತೂ ಇದು ದೊಡ್ಡ ಸಮಾಧಾನ. ಇವುಗಳಲ್ಲಿ ಪ್ರಯೋಗಾಲಯದಲ್ಲಿ ನಿಜವಾಗಿ ತೋರಿಬಂದಿರುವುದು ಯಾವುದು, ಅದು ಬಾಯಿಯೊಳಗೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಳ್ಳಿಯ ಪರಿಚಯ

ವೀಳ್ಯದ ಬಳ್ಳಿಯ ಸಸ್ಯಶಾಸ್ತ್ರೀಯ ನಾಮಧೇಯ ಪೈಪರ್ ಬೀಟಲ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರನ್ನು ದಾಖಲಿಸಿದನು. 'ಬೀಟಲ್' ಎಂಬುದು ಮಲಯಾಳದ 'ವೆಟ್ಟಿಲ' ಎಂಬ ಪದವು ಪೋರ್ಚುಗೀಸರ ನಾಲಿಗೆಯಲ್ಲಿ ತಿರುಚಿಕೊಂಡು ಯೂರೋಪಿಗೆ ಹೋದ ರೂಪ. ಕರಿಮೆಣಸು ಪೈಪರ್ ನೈಗ್ರಮ್. ಎರಡೂ ಒಂದೇ ಕುಲಕ್ಕೆ ಸೇರಿದವು. ಎಲೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಹೊಸಬರು ಗುರುತು ಹಿಡಿಯಲು ತಡವರಿಸುವುದುಂಟು. ಕಿವುಚಿ ಮೂಸಿದರೆ ಅನುಮಾನ ಉಳಿಯದು. ಬಳ್ಳಿಯ ಮೂಲ ಆಗ್ನೇಯ ಏಷ್ಯಾದ ಬಿಸಿಯೂ ತೇವವೂ ಆದ ನಾಡುಗಳೆಂದು ವಿದ್ವಾಂಸರು ಹೇಳುತ್ತಾರೆ. ನೆರಳು, ತೇವ ಮತ್ತು ನೀರು ನಿಲ್ಲದ ನೆಲ ಇದಕ್ಕೆ ಅವಶ್ಯಕ. ಆದ್ದರಿಂದಲೇ ನಮ್ಮ ಎಲೆತೋಟಗಳಲ್ಲಿ ಅಗಸೆ, ನುಗ್ಗೆ, ಹಾಲುವಾಣದಂತಹ ಮರಗಳಿಗೆ ಬಳ್ಳಿಯನ್ನು ಹಬ್ಬಿಸುವ ಪದ್ಧತಿ ಬಂದಿತು.

ಕರ್ನಾಟಕದಲ್ಲಿ ಅಂಬಾಡಿ ಎಲೆ, ಕರಿಯೆಲೆ, ಮೈಸೂರು ಎಲೆ ಎಂಬ ತಳಿಗಳು ಹೆಸರುವಾಸಿ. ಇವುಗಳ ಪೈಕಿ 'ಮೈಸೂರು ಚಿಗುರೆಲೆ' ಎಂದು ಕರೆಯಲಾಗುವ ಎಲೆಗೆ 2000ದ ದಶಕದಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ನಂಜನಗೂಡಿನ ರಸಬಾಳೆ ಮತ್ತು ಮೈಸೂರು ಮಲ್ಲಿಗೆಗಳ ಸಾಲಿನಲ್ಲಿ ಅದಕ್ಕೂ ಸ್ಥಾನವುಂಟು. ಅರಮನೆಯ ಆಶ್ರಯದಲ್ಲಿ ಬೆಳೆದದ್ದೆಂದು ಹೇಳಲಾಗುವ ಈ ಎಲೆಯ ತೋಟಗಳು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಬದಿಯಲ್ಲಿ, ವಿದ್ಯಾರಣ್ಯಪುರಂ ಸುತ್ತಮುತ್ತ ಹರಡಿಕೊಂಡಿದ್ದವು. ನಗರ ಬೆಳೆದಂತೆ ಬಡಾವಣೆಗಳು ತೋಟಗಳನ್ನು ನುಂಗುತ್ತ ಬಂದವು. ಎಲೆಗೆ ಮಾನ್ಯತೆಯ ಪತ್ರ ಸಿಕ್ಕಿತು, ಬಳ್ಳಿಗೆ ನೆಲ ಸಿಗಲಿಲ್ಲ.

ಮೈಸೂರು ಸೀಮೆಗೆ ಈ ಎಲೆಯೊಡನೆ ಇರುವ ಬಾಂಧವ್ಯ ಬಲು ಹಳೆಯದು. ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನೇ 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮ. ಮದುವೆಯ ಮಾತು ಗಟ್ಟಿಯಾಗುವುದು ವೀಳ್ಯಶಾಸ್ತ್ರದಿಂದ, ಕೆಲಸ ಒಪ್ಪಿಸುವುದು ವೀಳ್ಯ ಕೊಡುವುದರಿಂದ, ಸವಾಲು ಸ್ವೀಕರಿಸುವುದು ವೀಳ್ಯ ಎತ್ತುವುದರಿಂದ. ಇಷ್ಟೆಲ್ಲ ಮರ್ಯಾದೆಯಿರುವ ಎಲೆಯ ಬಗ್ಗೆ ವಿಜ್ಞಾನ ಏನು ಹೇಳಿದರೂ ಜನ ಕಿವಿಗೊಡುತ್ತಾರೆ. ಹೇಳದಿದ್ದುದನ್ನೂ ಹೇಳಿತೆಂದು ನಂಬುತ್ತಾರೆ.

ಘಾಟು ಎಲ್ಲಿಂದ ಬರುತ್ತದೆ?

ಎಲೆಯ ತೂಕದಲ್ಲಿ ಬಹುಪಾಲು ನೀರು. ಸುಗಂಧ ತೈಲ ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಆದರೂ ಎಲೆಯ ವ್ಯಕ್ತಿತ್ವವೆಲ್ಲ ಆ ಅಲ್ಪಾಂಶದಲ್ಲಿಯೇ ಅಡಗಿದೆ. ಅದರಲ್ಲಿ ಫಿನಾಲ್ ಜಾತಿಯ ಹಲವು ರಾಸಾಯನಿಕಗಳಿವೆ. ಲವಂಗಕ್ಕೆ ಅದರ ವಾಸನೆಯನ್ನು ಕೊಡುವ ಯೂಜಿನಾಲ್, ಅದರ ಸೋದರನಂತಿರುವ ಚಾವಿಬೆಟಾಲ್, ಚಾವಿಕಾಲ್ ಹಾಗೂ ಹೈಡ್ರಾಕ್ಸಿಚಾವಿಕಾಲ್ ಇವುಗಳಲ್ಲಿ ಮುಖ್ಯವಾದವು. ಹೈಡ್ರಾಕ್ಸಿಚಾವಿಕಾಲ್‌ಗೆ ಅಲೈಲ್‌ಪೈರೊಕೆಟೆಕಾಲ್ ಎಂಬ ಮತ್ತೊಂದು ಹೆಸರೂ ಇದೆ. ಒಂದು ಲೇಖನದಲ್ಲಿ ಆ ಹೆಸರು, ಇನ್ನೊಂದರಲ್ಲಿ ಈ ಹೆಸರು ಬರುವುದರಿಂದ ಇವು ಎರಡು ಬೇರೆ ಬೇರೆ ವಸ್ತುಗಳೆಂದು ಓದುಗರು ಭ್ರಮಿಸುವ ಸಂಭವವಿದೆ. ವಸ್ತು ಒಂದೇ.

ಇವುಗಳ ಪ್ರಮಾಣ ಎಲ್ಲ ಎಲೆಗಳಲ್ಲಿಯೂ ಏಕರೂಪವಾಗಿ ಇರುವುದಿಲ್ಲ. ತಳಿ, ಮಣ್ಣು, ಋತು, ಎಲೆಯ ವಯಸ್ಸು, ಕೊಯ್ದ ಮೇಲೆ ಕಳೆದ ದಿನಗಳು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯು ಕೆಲವು ದಿನ ಹಸಿರಾಗಿ ಕಂಡರೂ ಅದರ ಪರಿಮಳ ಇಳಿಮುಖವಾಗಿರುತ್ತದೆ ಎಂಬುದನ್ನು ಎಲೆ ವ್ಯಾಪಾರಿಗಳು ಯಾವ ಉಪಕರಣದ ಸಹಾಯವೂ ಇಲ್ಲದೆ ಹೇಳಬಲ್ಲರು.

ಬ್ಯಾಕ್ಟೀರಿಯಾಗಳ ಮೇಲೆ

ಒಂದು ವಸ್ತು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುವ ಸಾಮಾನ್ಯ ವಿಧಾನ ಎರಡು. ಅಗಾರ್ ಹಾಸಿದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬಿತ್ತಿ, ನಡುವೆ ಎಲೆಯ ಸಾರವನ್ನಿಟ್ಟು, ಅದರ ಸುತ್ತ ಬೆಳವಣಿಗೆಯಿಲ್ಲದ ತಿಳಿಯಾದ ವಲಯ ಎಷ್ಟು ಅಗಲವಾಗಿದೆ ಎಂದು ಅಳೆಯುವುದು ಮೊದಲನೆಯದು. ಸಾರವನ್ನು ಹಂತಹಂತವಾಗಿ ತೆಳುಗೊಳಿಸುತ್ತಾ ಹೋಗಿ, ಬೆಳವಣಿಗೆಯನ್ನು ತಡೆಯಲು ಸಾಕಾಗುವ ಕನಿಷ್ಠ ಪ್ರಮಾಣವನ್ನು ಕಂಡುಹಿಡಿಯುವುದು ಎರಡನೆಯದು. ಎರಡನೆಯದೇ ಹೆಚ್ಚು ವಿಶ್ವಾಸಾರ್ಹ. ಪತ್ರಿಕಾ ಹೇಳಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲನೆಯದು.

ಜಮ್ಮುವಿನ ಭಾರತೀಯ ಸಮಗ್ರ ವೈದ್ಯಕೀಯ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಉಲ್ಲೇಖಾರ್ಹವಾದುದು. ಅವರು ಹೈಡ್ರಾಕ್ಸಿಚಾವಿಕಾಲನ್ನು ಬಾಯಿಯಲ್ಲಿ ವಾಸಿಸುವ ರೋಗಾಣುಗಳ ಮೇಲೆ ಪ್ರಯೋಗಿಸಿದರು. ಹಲ್ಲು ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಕೂಡ ಅವುಗಳಲ್ಲಿ ಒಂದು. ಪರೀಕ್ಷಿಸಿದ ಎಲ್ಲ ರೋಗಾಣುಗಳ ಬೆಳವಣಿಗೆಯೂ ಒಂದು ಮಿಲಿಲೀಟರಿಗೆ 62.5ರಿಂದ 500 ಮೈಕ್ರೊಗ್ರಾಮ್ ಪ್ರಮಾಣದಲ್ಲಿ ನಿಂತಿತು. ಅದರ ಎರಡರಷ್ಟು ಪ್ರಮಾಣದಲ್ಲಿ ಅವು ಸತ್ತವು. ಬಾಯಿಯ ಆರೈಕೆಯ ಉತ್ಪನ್ನಗಳಿಗೆ ಇದು ಯೋಗ್ಯ ವಸ್ತುವಾಗಬಹುದೆಂದು ಆ ತಂಡ ಅಭಿಪ್ರಾಯಪಟ್ಟಿತು. ಮಲೇಷ್ಯಾದ ಮಲಯ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಇದೇ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲೆ ವೀಳ್ಯದೆಲೆಯ ಸಾರದ ಪರಿಣಾಮವನ್ನು ವರದಿ ಮಾಡಿದ್ದರು. ಊಟದ ಮೇಲೆ ಎಲೆ ಜಗಿದರೆ ಬಾಯಿ ಶುದ್ಧ ಎಂಬ ಹಳೆಯ ಮಾತಿಗೆ ಆಧಾರವಿಲ್ಲದಿಲ್ಲ.

ಫಿನಾಲ್ ಜಾತಿಯ ಈ ವಸ್ತುಗಳು ಬ್ಯಾಕ್ಟೀರಿಯಾದ ಜೀವಕೋಶದ ಪೊರೆಯೊಳಕ್ಕೆ ನುಸುಳಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಲವಣಾಂಶ, ಪ್ರೋಟೀನು ಹೊರಕ್ಕೆ ಸೋರುತ್ತದೆ, ಕೋಶ ನಿಸ್ತೇಜವಾಗುತ್ತದೆ. ಹೊರಗೆ ಮತ್ತೊಂದು ಪೊರೆಯ ಕವಚವನ್ನು ಹೊಂದಿರುವ ಗ್ರಾಮ್ ಋಣ ವರ್ಗದ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ. ಕರುಳಿನ ಸೋಂಕು ತರುವ ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಈ ವರ್ಗಕ್ಕೆ ಸೇರಿದವು.

ಇಲ್ಲಿ ಓದುಗರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಎಲೆಯ ಬಳ್ಳಿಗೇ ಬ್ಯಾಕ್ಟೀರಿಯಾದಿಂದ ಬರುವ ಎಲೆಚುಕ್ಕೆ ರೋಗವೊಂದುಂಟು. ಅದಕ್ಕೆ ಕಾರಣವಾದ ಕ್ಸಾಂಥೊಮೊನಾಸ್ ಎಂಬ ಸೂಕ್ಷ್ಮಾಣುವಿನ ಉಪಜಾತಿಗೆ ವಿಜ್ಞಾನಿಗಳು ಬೀಟಲ್ ಬಳ್ಳಿಯ ಹೆಸರನ್ನೇ ಸೇರಿಸಿ 'ಬೀಟ್ಲಿಕೋಲಾ' ಎಂದು ಕರೆದಿದ್ದಾರೆ. ರೋಗಾಣುಗಳನ್ನು ಕೊಲ್ಲುವ ಎಲೆಯಲ್ಲೇ ಮನೆ ಮಾಡಿಕೊಂಡ ರೋಗಾಣು ಅದು! ಎರಡನೆಯದು ಇನ್ನೂ ಗಂಭೀರ. ಬಾಂಗ್ಲಾದೇಶದಿಂದ ಬರುತ್ತಿದ್ದ ವೀಳ್ಯದೆಲೆಯಲ್ಲಿ ಸಾಲ್ಮೊನೆಲ್ಲಾ ಪದೇ ಪದೇ ಪತ್ತೆಯಾದ ಕಾರಣ 2014ರಲ್ಲಿ ಐರೋಪ್ಯ ಒಕ್ಕೂಟವು ಅದರ ಆಮದನ್ನು ತಡೆಹಿಡಿಯಿತು. ಈ ತಡೆ ಹಲವು ವರ್ಷ ಮುಂದುವರಿಯಿತು. ಎಲೆಯ ಒಳಗಿರುವ ರಾಸಾಯನಿಕವು ಎಲೆಯ ಮೇಲೆ ಚಿಮುಕಿಸಿದ ಕೊಳಕು ನೀರನ್ನು ಶುದ್ಧ ಮಾಡುವುದಿಲ್ಲ. ಕೋಶಗಳು ಒಡೆದು ರಸ ಹೊರಬಂದರೆ ಮಾತ್ರ ಅದರ ಪ್ರಭಾವ. ಮೇಲಾಗಿ ಇದು ಬೇಯಿಸದೆ ತಿನ್ನುವ ಸೊಪ್ಪು; ಬುಡ ಕೊಳೆ ರೋಗಕ್ಕೂ ಕೀಟಗಳಿಗೂ ಸಿಂಪಡಿಸಿದ ಔಷಧದ ಶೇಷಾಂಶ ಉಳಿದಿದ್ದರೆ ಅದೂ ಬಾಯಿಗೇ ಬರುತ್ತದೆ. ಪಂಚೆಗೆ ಒರೆಸಿ ಬಾಯಿಗಿಡುವ ಬದಲು ಹರಿಯುವ ನೀರಿನಲ್ಲಿ ಎರಡೂ ಬದಿ ಚೆನ್ನಾಗಿ ತೊಳೆಯುವುದು ಉತ್ತಮ.

ಮೈಸೂರು ಎಲೆಗೆ ಎಷ್ಟು ಅಂಕ?

ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್ ಎಂಬ ಪದವನ್ನು ಕೇಳದವರಿಲ್ಲ. ನಮ್ಮ ದೇಹದೊಳಗೆ ಉಸಿರಾಟ ಮತ್ತು ಇತರ ಕ್ರಿಯೆಗಳಲ್ಲಿ ಸ್ವತಂತ್ರ ಕಣಗಳು ಹುಟ್ಟುತ್ತಿರುತ್ತವೆ. ಇವು ಒಂಟಿ ಎಲೆಕ್ಟ್ರಾನನ್ನು ಹೊತ್ತು ಜೊತೆಗಾಗಿ ಹಾತೊರೆಯುವ ಕಣಗಳು. ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನಾದರೂ ಕಚ್ಚಿ ಕೆಡಿಸುತ್ತವೆ. ಫಿನಾಲ್‌ಗಳು ತಮ್ಮ ಹೈಡ್ರೊಜನ್ನನ್ನು ಇವುಗಳಿಗೆ ಬಿಟ್ಟುಕೊಟ್ಟು ಶಾಂತಗೊಳಿಸುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯಲು ಡಿಪಿಪಿಎಚ್ ಎಂಬ ಕಡು ನೇರಳೆ ಬಣ್ಣದ ವಸ್ತುವನ್ನು ಬಳಸುತ್ತಾರೆ. ಸಾರದಲ್ಲಿ ಕಸುವಿದ್ದರೆ ನೇರಳೆ ಮಾಸಿ ಹಳದಿಯಾಗುತ್ತದೆ. ಎಷ್ಟು ಬೇಗ, ಎಷ್ಟು ಕಡಿಮೆ ಸಾರದಲ್ಲಿ ಎಂಬುದೇ ಅಂಕ.

ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಂಗ್ಲಾ, ಸಿಹಿ ಎಲೆ ಮತ್ತು ಮೈಸೂರು ಎಂಬ ಮೂರು ಬಗೆಗಳನ್ನು ಈ ಪರೀಕ್ಷೆಗೆ ಒಡ್ಡಲಾಯಿತು. ಮೈಸೂರಿನವರು ಹೆಮ್ಮೆಪಡುವಂತಹ ಫಲಿತಾಂಶ ಬರಲಿಲ್ಲ. ಬಾಂಗ್ಲಾ ಎಲೆಯ ಸಾರ ಮೊದಲ ಸ್ಥಾನ ಪಡೆಯಿತು. ಮೂರರಲ್ಲಿಯೂ ಇದ್ದ ರಾಸಾಯನಿಕಗಳು ಹೆಚ್ಚುಕಡಿಮೆ ಅವೇ ಆಗಿದ್ದರೂ ಚಾವಿಬೆಟಾಲ್ ಮತ್ತು ಅಲೈಲ್‌ಪೈರೊಕೆಟೆಕಾಲ್‌ಗಳ ಪ್ರಮಾಣ ಸಿಹಿ ಎಲೆಯಲ್ಲಿಯೂ ಮೈಸೂರು ಎಲೆಯಲ್ಲಿಯೂ ಗಣನೀಯವಾಗಿ ಕಡಿಮೆಯಿತ್ತು. ಬೇರ್ಪಡಿಸಿದ ವಸ್ತುಗಳ ಪೈಕಿ ಅಲೈಲ್‌ಪೈರೊಕೆಟೆಕಾಲ್ ಎಲ್ಲ ಪ್ರಯೋಗಗಳಲ್ಲಿಯೂ ಮುಂದಿತ್ತು. ಕೊಬ್ಬಿನ ಕಣಗಳು ಕೆಡುವುದನ್ನೂ ಗಾಮಾ ಕಿರಣಗಳಿಂದ ಡಿಎನ್‌ಎ ಎಳೆಗಳು ತುಂಡಾಗುವುದನ್ನೂ ಅದು ತಡೆಯಿತು.

ಇದನ್ನು ಮೈಸೂರು ಎಲೆಯ ಸೋಲೆಂದು ಭಾವಿಸಬೇಕಾಗಿಲ್ಲ. ಅದರ ಕೀರ್ತಿ ನಿಂತಿರುವುದು ನಯವಾದ ಮೈಗೆ, ಹೃದಯಾಕಾರದ ಚೆಲುವಿಗೆ, ನಾಲಿಗೆಗೆ ಹತ್ತುವ ಹದವಾದ ಖಾರಕ್ಕೆ. ಭೌಗೋಳಿಕ ಸೂಚಿಕೆ ಕೊಡುವುದು ಔಷಧಿ ಅಂಗಡಿಯ ತಕ್ಕಡಿ ನೋಡಿ ಅಲ್ಲ. ಆದರೆ 'ಮೈಸೂರು ಎಲೆಯೇ ಅತ್ಯಂತ ಔಷಧೀಯ' ಎಂದು ಬರೆದು ಮಾರುವವರು ಈ ಅಧ್ಯಯನವನ್ನು ಓದಿಲ್ಲವೆಂದೇ ತಿಳಿಯಬೇಕು.

ನಮ್ಮ ಭಾಗದಲ್ಲಿಯೇ ಇಂತಹ ಕೆಲಸ ನಡೆದಿಲ್ಲವೆಂದಲ್ಲ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಜೈವಿಕ ತಂತ್ರಜ್ಞಾನ ಮತ್ತು ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಕರಿಬೇವಿನ ಸೊಪ್ಪಿನ ಮೇಲೆ ಇದೇ ಬಗೆಯ ಅಧ್ಯಯನ ನಡೆಸಿ, ಅದರ ಪಾಲಿಫಿನಾಲ್‌ಗಳಲ್ಲಿಯೂ ಒಂದು ಪ್ರೋಟೀನಿನಲ್ಲಿಯೂ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಗುರುತಿಸಿದರು. ಒಗ್ಗರಣೆಯ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವವರಿಗೆ ಇದನ್ನು ತಿಳಿಸುವುದು ಒಳ್ಳೆಯದು. ಕರಿಬೇವಿಗೆ ಕೆಟ್ಟ ಸಹವಾಸವಿಲ್ಲ.

ಸುಣ್ಣ ಸೇರಿದಾಗ ಏನಾಗುತ್ತದೆ?

ಮೇಲೆ ಹೇಳಿದ ಪ್ರಯೋಗಗಳೆಲ್ಲ ಎಲೆಯ ಸಾರದ ಮೇಲೆ ಅಥವಾ ಅದರಿಂದ ಬೇರ್ಪಡಿಸಿದ ಶುದ್ಧ ವಸ್ತುಗಳ ಮೇಲೆ ನಡೆದವು. ಭಾಭಾ ಕೇಂದ್ರದವರು ಸಾರವನ್ನು ಎಥನಾಲಿನಲ್ಲಿ ತೆಗೆದರು. ಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತವರು ಬಾಯಿಗೆ ಹಾಕಿಕೊಳ್ಳುವುದು ಅದನ್ನಲ್ಲ. ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಹಲವರು ಅದಕ್ಕೊಂದು ಎಸಳು ಹೊಗೆಸೊಪ್ಪನ್ನೂ ಸೇರಿಸಿ ಮಡಿಚುತ್ತಾರೆ.

ಸುಣ್ಣವು ತೀಕ್ಷ್ಣ ಕ್ಷಾರ. ಆಮ್ಲೀಯವೂ ಅಲ್ಲದ ಕ್ಷಾರೀಯವೂ ಅಲ್ಲದ ವಾತಾವರಣದಲ್ಲಿ ಸ್ವತಂತ್ರ ಕಣಗಳನ್ನು ಹಿಡಿದಿಡುವ ಕೆಟೆಕಾಲ್ ಮಾದರಿಯ ಫಿನಾಲ್‌ಗಳು ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಡನೆ ತಾವೇ ವೇಗವಾಗಿ ವರ್ತಿಸತೊಡಗುತ್ತವೆ. ಆ ಕ್ರಿಯೆಯಲ್ಲಿ ಹೈಡ್ರೊಜನ್ ಪೆರಾಕ್ಸೈಡಿನಂತಹ ಕೆರಳಿಸುವ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಅಡಿಕೆಯ ಪಾಲಿಫಿನಾಲ್‌ಗಳು ಸುಣ್ಣದೊಡನೆ ಹೀಗೆ ವರ್ತಿಸುವುದನ್ನು 1980ರ ದಶಕದಲ್ಲಿಯೇ ತೋರಿಸಲಾಗಿದೆ. ಬಾಯಿ ಕೆಂಪಾಗುವುದೂ ಇಂತಹ ಕ್ರಿಯೆಯ ಫಲವೇ. ಎಲೆ ಎಷ್ಟು ಕೆಂಪೇರಿತು ಎಂಬುದರಿಂದ ಮದುಮಗಳ ಅದೃಷ್ಟವನ್ನು ಅಳೆಯುವ ವಾಡಿಕೆ ಕೆಲವೆಡೆ ಇದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಅಳೆಯುತ್ತಿರುವುದು ಬೇರೆಯದನ್ನು.

ಮುಂಬಯಿಯ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1986ರಲ್ಲಿ ವೀಳ್ಯದೆಲೆಯ ಹೈಡ್ರಾಕ್ಸಿಚಾವಿಕಾಲ್ ಜೀನುಗಳ ವಿಕೃತಿಯನ್ನು ತಡೆಯುತ್ತದೆ ಎಂದು ವರದಿ ಮಾಡಿದರು. ಇದನ್ನೇ ಹಿಡಿದುಕೊಂಡು 'ಎಲೆ ಅಡಿಕೆಯಿಂದ ಕ್ಯಾನ್ಸರ್ ದೂರ' ಎನ್ನುವವರಿದ್ದಾರೆ. ಆ ವರದಿ ಮಾತನಾಡಿದ್ದು ಎಲೆಯೊಳಗಿನ ಒಂದು ವಸ್ತುವಿನ ಬಗ್ಗೆ. ಮಡಿಚಿದ ಬೀಡಾದ ಬಗ್ಗೆ ಮಾತನಾಡಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಹೊಗೆಸೊಪ್ಪು ಸೇರಿದ ತಾಂಬೂಲ ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೇ ಹೇಳಿದ್ದ ಅದು, 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪು ಇಲ್ಲದ ತಾಂಬೂಲವನ್ನೂ ಬರಿಯ ಅಡಿಕೆಯನ್ನೂ ಅದೇ ಮೊದಲ ಗುಂಪಿಗೆ ಸೇರಿಸಿತು. ಎಲೆಯ ಒಳ್ಳೆಯ ಗುಣ ಉಳಿದ ಮೂವರ ಕೆಡುಕನ್ನು ಸರಿದೂಗಿಸಿದ್ದರೆ ಇಷ್ಟು ವರ್ಷಗಳ ಜನಸಮುದಾಯದ ಅಧ್ಯಯನಗಳಲ್ಲಿ ಅದು ಕಾಣಿಸಬೇಕಾಗಿತ್ತು. ಕಾಣಿಸಿಲ್ಲ. ಬಾಯಿ ತೆರೆಯಲಾಗದಂತೆ ಒಳಗಿನ ಚರ್ಮ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣ. ಎಲೆ ಜೊತೆಗಿದ್ದ ಮಾತ್ರಕ್ಕೆ ಅದು ಬಿಡುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ನಮ್ಮ ರೈತರು ತರುವುದು ಬ್ಯಾರನ್ನುಗಳಲ್ಲಿ ಬಿಸಿಗಾಳಿಯಿಂದ ಹದ ಮಾಡಿದ ವರ್ಜಿನಿಯಾ ಹೊಗೆಸೊಪ್ಪು. ಅದು ಹೋಗುವುದು ಸಿಗರೇಟಿಗೆ. ಎಲೆ ಅಡಿಕೆಗೆ ಬಳಸುವ ಹೊಗೆಸೊಪ್ಪು ಬೇರೆ ಬಗೆಯದು. ಹೊಗೆಸೊಪ್ಪು ಸೇರಿದ ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಆದರೆ ಎಲೆಯೊಳಗೆ ಮಡಿಚಿಕೊಳ್ಳುವ ಎಸಳಿಗೆ ಪೊಟ್ಟಣವೂ ಇಲ್ಲ, ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರವೂ ಇಲ್ಲ.

ಮನೆಮದ್ದಿನ ಮಿತಿ

ಮಕ್ಕಳಿಗೆ ನೆಗಡಿಯಾದಾಗ ಎಲೆಗೆ ಹರಳೆಣ್ಣೆ ಸವರಿ ದೀಪದ ಶಾಖಕ್ಕೆ ಹಿಡಿದು ಎದೆಯ ಮೇಲಿಡುವುದು ನಮ್ಮಲ್ಲಿ ಎಲ್ಲರೂ ಬಲ್ಲ ಉಪಚಾರ. ಶಾಖದ ಹಿತ ಮತ್ತು ಪರಿಮಳದ ಆರಾಮ ಸುಳ್ಳಲ್ಲ. ಆದರೆ ಎದೆಯ ಚರ್ಮದ ಮೇಲಿಟ್ಟ ಎಲೆ ಶ್ವಾಸಕೋಶದೊಳಗಿನ ಸೋಂಕನ್ನು ಕೊಲ್ಲುತ್ತದೆಂದು ತಿಳಿಯಲು ಆಧಾರವಿಲ್ಲ. ಮಗು ಏದುಸಿರು ಬಿಡುತ್ತಿದ್ದರೆ, ಹಾಲು ಕುಡಿಯದಿದ್ದರೆ ಎಲೆಯನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ಚರ್ಮಕ್ಕೆ ಹಚ್ಚುವವರು ಮತ್ತೊಂದು ವಿಷಯವನ್ನು ತಿಳಿದಿರಬೇಕು. ಎಲೆಯನ್ನು ಬೇಯಿಸಿ ಮುಖಕ್ಕೆ ಕಟ್ಟಿಕೊಂಡರೆ ಕಾಂತಿ ಬರುತ್ತದೆಂಬ ನಂಬಿಕೆ ತೈವಾನಿನಲ್ಲಿಯೂ ಇದೆ. ಹಾಗೆ ಮಾಡಿದ ಹಲವರಲ್ಲಿ ಮೊದಲು ಬಣ್ಣ ಬಿಳುಪೇರಿ, ಆನಂತರ ಕಪ್ಪು ಬಿಳಿ ಕಲೆಗಳು ಮೂಡಿ ಉಳಿದುದನ್ನು ಅಲ್ಲಿನ ಚರ್ಮ ವೈದ್ಯರು 1999ರಲ್ಲಿ ದಾಖಲಿಸಿದರು. ಫಿನಾಲ್‌ಗಳು ಬ್ಯಾಕ್ಟೀರಿಯಾದ ಕೋಶವನ್ನು ಕಂಡರೆ ಕೆರಳುತ್ತವೆ, ಮನುಷ್ಯನ ಬಣ್ಣದ ಕೋಶವನ್ನು ಕಂಡರೆ ಕರುಣೆ ತೋರುತ್ತವೆ ಎಂಬ ನಿಯಮವೇನೂ ಇಲ್ಲ.

ಹಾಗಾದರೆ ಎಲೆಯನ್ನು ಬಳಸುವುದು ಹೇಗೆ? ಸುಣ್ಣ, ಅಡಿಕೆ, ಹೊಗೆಸೊಪ್ಪುಗಳನ್ನು ಬಿಟ್ಟು, ತೊಳೆದ ಒಂದೆರಡು ಎಲೆಯನ್ನು ಊಟವಾದ ಮೇಲೆ ಸೋಂಪು ಅಥವಾ ಏಲಕ್ಕಿಯೊಡನೆ ಜಗಿಯಬಹುದು. ಎಳೆಯ ಎಲೆಯನ್ನು ಮೆಣಸು ಜೀರಿಗೆಯೊಡನೆ ಸಾರಿಗೆ ಹಾಕುವವರಿದ್ದಾರೆ. ಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುವವರೂ ಇದ್ದಾರೆ. ಬಜ್ಜಿಯಲ್ಲಿ ಉತ್ಕರ್ಷಣ ನಿರೋಧಕ ಎಷ್ಟು ಉಳಿಯುತ್ತದೆ ಎಂಬುದನ್ನು ಎಣ್ಣೆಯ ಕಾವು ನಿರ್ಧರಿಸುತ್ತದೆ. ಬಾಯಿ ಮುಕ್ಕಳಿಸಲು ಎಲೆಯ ಕಷಾಯ ಬಳಸುವವರು ಅದನ್ನು ಅಂದಂದೇ ಮಾಡಿಕೊಳ್ಳುವುದು ಲೇಸು. ಈ ಫಿನಾಲ್‌ಗಳು ನೀರಿಗಿಂತ ಮದ್ಯಸಾರದಲ್ಲಿ ಸುಲಭವಾಗಿ ಕರಗುವುದರಿಂದ ಕಷಾಯದ ಕಸುವು ಪ್ರಯೋಗಾಲಯದ ಸಾರದಷ್ಟಿರುವುದಿಲ್ಲ. ಹಲ್ಲುಜ್ಜುವುದಕ್ಕೆ ಇದು ಬದಲಿಯಲ್ಲ.

ಎಲೆ ಬೆಳೆಗಾರರಿಗೆ ಇದರಿಂದ ಪ್ರಯೋಜನ ಉಂಟೇ ಎಂಬ ಪ್ರಶ್ನೆ ಉಳಿಯುತ್ತದೆ. ಅಡಿಕೆಯ ಜೊತೆಗಾರನಾಗಿ ಮಾತ್ರ ಮಾರಾಟವಾಗುವ ಎಲೆಯ ಬೆಲೆ ಮದುವೆಯ ಋತುವಿನೊಡನೆ ಏರಿ ಇಳಿಯುತ್ತದೆ. ಮಾರಾಟವಾಗದೆ ಉಳಿದದ್ದು ಕೆಲವೇ ದಿನಗಳಲ್ಲಿ ಹಳದಿಯಾಗಿ ಗೊಬ್ಬರಗುಂಡಿ ಸೇರುತ್ತದೆ. ಹಾಗೆ ಉಳಿದ ಎಲೆಯಿಂದ, ಅಂಚು ಹರಿದು ಕಟ್ಟಿಗೆ ಸೇರದ ಎಲೆಯಿಂದ ಭಟ್ಟಿ ಇಳಿಸಿ ಸುಗಂಧ ತೈಲ ತೆಗೆಯಬಹುದು. ಬಾಯಿ ಮುಕ್ಕಳಿಸುವ ದ್ರವ, ಹಲ್ಲುಪುಡಿ, ಸಾಬೂನುಗಳಿಗೆ ಅದು ಒದಗಬಲ್ಲದು. ಆಗ ಎಲೆಗೆ ಬೆಲೆ ಕಟ್ಟುವುದು ಅದರ ನಯಕ್ಕಲ್ಲ, ಫಿನಾಲಿನ ಪ್ರಮಾಣಕ್ಕೆ. ಆ ಲೆಕ್ಕದಲ್ಲಿ ಬಾಂಗ್ಲಾ ಬಳ್ಳಿ ಮೈಸೂರು ಬಳ್ಳಿಗಿಂತ ಮುಂದಿರುವುದನ್ನು ಮೇಲೆ ಕಂಡಿದ್ದೇವೆ. ಆದ್ದರಿಂದ ತೈಲಕ್ಕಾಗಿಯೇ ಹೊಸದಾಗಿ ತೋಟ ಹಾಕಲು ಬಯಸುವವರು ಬಳ್ಳಿ ನೆಡುವ ಮೊದಲು ತಳಿಯ ಎಲೆಯನ್ನು ಪ್ರಯೋಗಾಲಯಕ್ಕೆ ಕೊಟ್ಟು ತೈಲದ ಪ್ರಮಾಣವನ್ನೂ ಅದರೊಳಗಿನ ಫಿನಾಲನ್ನೂ ಪರೀಕ್ಷಿಸಿಕೊಳ್ಳಬೇಕು. ಚಿಗುರೆಲೆಯನ್ನೇ ಬೆಳೆಯುವವರು ಅದನ್ನು ತಾಂಬೂಲದ ತಟ್ಟೆಗೆ ಮಾರುವುದೇ ಲಾಭದಾಯಕ.